ಎಲ್ಲರೂ ಇಬ್ಬಿಬ್ಬರಾಗಿ ಕಂಡ ದಿನಗಳಲ್ಲಿ

ಇಂಥ ಕತೆಗಳನ್ನು ಯಾರಾದರೂ ಹೇಳಿದರೆ ನಕ್ಕುಬಿಡುವ ಪೈಕಿ ನಾನು. ಬಾಳ್ಳುಪೇಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ಶಕುನ, ಸೂಚನೆ ಅಂತ ಮಾತು ಶುರುವಾದರೆ ಟೀ ಲೋಟ ಹಿಡಿದು ಹೊರಗೆ ಹೋಗುತ್ತಿದ್ದೆ. ಈಗಲೂ ಅದನ್ನೆಲ್ಲ ನಂಬುತ್ತೇನೆ ಅನ್ನಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಆನೇಮಹಲ್‌ನಲ್ಲಿ ಬಸ್ಸಿಗೆ ಕಾಯುವಾಗ ನನಗೆ ಕಂಡದ್ದೊಂದಿದೆ. ಅದನ್ನು ಕಂಡ ಹಾಗೆ ಬರೆಯುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ಹೆತ್ತೂರಿನ ಹತ್ತಿರ ನನ್ನ ಅಣ್ಣನ ಮನೆ. ಅವ್ವ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಆಮೇಲೆ ನನ್ನನ್ನು ಸಾಕಿದ್ದು ಅತ್ತಿಗೆ. ಒಂದು ಭಾನುವಾರ ಅಲ್ಲಿಗೆ ಹೋಗಿದ್ದಾಗ ಹಸುವಿಗೆ ಇಂಜೆಕ್ಷನ್ ಕೊಡಲು ದನದ ಡಾಕ್ಟರು ಬಂದರು. “ಬಂದು ಹಗ್ಗ ಹಿಡ್ಕೊಳೋ” ಅಂತ ಅತ್ತಿಗೆ ಕರೆದರು. ಹಿಡಿದೆ. ಸೂಜಿ ಚುಚ್ಚಿದ್ದೇ ಹಸು ತಲೆ ಒದರಿತು. ಕೊಂಬಿನ ಬುಡ ನನ್ನ ಎಡಗಣ್ಣಿನ ಕೆಳಗೆ ಬಡಿಯಿತು. ಕಣ್ಣು ಬಿಟ್ಟಾಗ ಕೊಟ್ಟಿಗೆಯಲ್ಲಿ ಒಂದರ ಮೇಲೊಂದು ಎರಡು ಹಸು ನಿಂತಿದ್ದವು.

ಹಾಸನದಲ್ಲಿ ಸ್ಕ್ಯಾನ್ ಮಾಡಿಸಿ, ಅದನ್ನು ಹಿಡಿದು ಮಂಗಳೂರಿಗೆ ಹೋದೆವು. ಕಣ್ಣಿಗೆ ಏನೂ ಆಗಿರಲಿಲ್ಲ. ಕಣ್ಣು ಕೂತಿರುವ ಗೂಡಿನ ತಳದ ಎಲುಬು ಒಡೆದಿತ್ತು. ಅದು ಹಪ್ಪಳದಷ್ಟು ತೆಳುವಂತೆ. ಒಡೆದ ಸಂದಿಯಲ್ಲಿ ಕಣ್ಣನ್ನು ಆಡಿಸುವ ಸ್ನಾಯು ಸಿಕ್ಕಿಕೊಂಡು, ಎಡಗಣ್ಣು ಬಲಗಣ್ಣಿನ ಜೊತೆ ಹೊರಳುತ್ತಿರಲಿಲ್ಲ. ಬಾವು ಇಳಿಯಲಿ, ಹತ್ತು ದಿನ ಬಿಟ್ಟು ಆಪರೇಷನ್ ಅಂದರು ಡಾಕ್ಟರು. ಕೆಳರೆಪ್ಪೆಯ ಒಳಗಿಂದ ಕೊಯ್ದು, ಸ್ನಾಯು ಬಿಡಿಸಿ, ಒಡೆದ ಜಾಗಕ್ಕೆ ಟೈಟಾನಿಯಂ ಜಾಲರಿ ಹಾಸುವುದು. “ಅಲ್ಲೀವರೆಗೆ, ಆಮೇಲೂ ಕೆಲವು ದಿನ, ಮೂಗು ಜೋರಾಗಿ ಸೀಟಬೇಡಿ” ಅಂದರು.

ಆ ಹತ್ತು ದಿನ ಎಲ್ಲವೂ ಎರಡು. ಎರಡು ತಟ್ಟೆ, ಎರಡು ಬಾಗಿಲು, ಹೆಂಡತಿ ಸುಮಳಿಗೆ ಎರಡು ಮುಖ. ಎಡಗಣ್ಣು ಮುಚ್ಚಿದರೆ ಮಾತ್ರ ಒಂದು. ಮೊದಲ ದಿನ ಭಯವಾಯಿತು, ಆಮೇಲೆ ಅದೂ ಇಲ್ಲ. ಕಣ್ಣು ಹೋದರೆ ಪಾಠ ಹೇಗೆ ಮಾಡಲಿ ಅಂತ ಯೋಚಿಸಬೇಕಿತ್ತು. ಅದನ್ನೂ ಮಾಡದೆ ಗೋಡೆ ನೋಡುತ್ತ ಕೂತಿರುತ್ತಿದ್ದೆ.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ನಾನು, ಸುಮ ಆನೇಮಹಲ್‌ನಲ್ಲಿ ಮಂಗಳೂರು ಬಸ್ಸಿಗೆ ಕಾಯುತ್ತಿದ್ದೆವು. ಲಾರಿಗಳು ಜೋಡಿ ಜೋಡಿಯಾಗಿ ಹೋಗುತ್ತಿದ್ದವು. ಅಷ್ಟರಲ್ಲಿ ರಸ್ತೆ ದಾಟಿ ಅತ್ತಿಗೆ ಬಂದರು. ಬರುತ್ತೇನೆ ಅಂತ ಹೇಳಿರಲೇ ಇಲ್ಲ.

“ಹೆದರ್ಕಂಡಿದೀಯೇನೋ? ಏನೂ ಆಗಲ್ಲ ಕಣೋ. ನಾನು ಹಗ್ಗ ಹಿಡಿ ಅನ್ನದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ” ಅಂದು, ರೊಟ್ಟಿ ಡಬ್ಬಿಯನ್ನು ಸುಮಳಿಗೆ ಕೊಟ್ಟು ಅವಳ ಕೈ ಹಿಡಿದುಕೊಂಡರು.

ಆಗ ನೋಡಿದೆ. ಅತ್ತಿಗೆ ಒಬ್ಬರೇ ಇದ್ದರು.

ವಾಸಿಯಾಯಿತು ಅಂದುಕೊಂಡೆ. ಎಡಗಣ್ಣು ಮುಚ್ಚಿದೆ, ಒಬ್ಬರು. ತೆರೆದೆ, ಆಗಲೂ ಒಬ್ಬರೇ. ಕತ್ತು ಆ ಕಡೆ ಈ ಕಡೆ ವಾಲಿಸಿ ನೋಡಿದೆ. ಪಕ್ಕದಲ್ಲೇ ನಿಂತ ಸುಮ ಇಬ್ಬರು. ಸುಮಳ ಕೈ ಎರಡು, ಅದನ್ನು ಹಿಡಿದ ಕೈ ಒಂದು. ಅತ್ತಿಗೆಯ ಹುಬ್ಬಿನ ಮೇಲಿನ ಹಳೇ ಗಾಯದ ಗೆರೆ ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು.

“ಏನೋ ಹಂಗೆ ನೋಡ್ತೀಯ?” ಅಂದರು. “ಏನಿಲ್ಲ ಅತ್ತಿಗೆ” ಅಂದೆ. ಬಸ್ಸು ಬಂತು, ಎರಡು ಬಸ್ಸು. ತಡವರಿಸುತ್ತ ಹತ್ತಿದೆ.

ಸಂಜೆ ಡಾಕ್ಟರು ಬೆರಳು ಆಡಿಸಿ ಪರೀಕ್ಷೆ ಮಾಡಿದರು. ಎಲ್ಲವೂ ಎರಡೇ. ಮರುದಿನ ಆಪರೇಷನ್ ಆಯಿತು. ಕಟ್ಟು ಬಿಚ್ಚಿದಾಗ ಕಿಟಕಿ ಒಂದೇ ಇತ್ತು, ಸುಮ ಒಬ್ಬಳೇ ಇದ್ದಳು. ಎಡಗೆನ್ನೆ ಮಾತ್ರ ಮರಗಟ್ಟಿ, ಮುಟ್ಟಿದರೆ ಬೇರೆ ಯಾರದೋ ಕೆನ್ನೆ ಮುಟ್ಟಿದ ಹಾಗಿತ್ತು. ನರ ನೊಂದಿದೆ, ನಿಧಾನಕ್ಕೆ ಸರಿಹೋಗುತ್ತದೆ ಅಂದರು. ಅತ್ತಿಗೆಯನ್ನು ಅಕ್ಕ ಅನ್ನುವ ಸುಮ ದಿನಾ ಹೇಳುತ್ತಿದ್ದಳು: “ಅಕ್ಕ ಫೋನ್ ಮಾಡಿದ್ರು, ಊಟ ಮಾಡಿದ್ನಾ ಅಂತ ಕೇಳಿದ್ರು.”

ಐದನೇ ದಿನ ಮನೆಗೆ ಹೊರಟಾಗ, ಕಾರಿನಲ್ಲಿ, ಘಾಟಿ ಹತ್ತಿದ ಮೇಲೆ ನಿಜ ಹೇಳಿದಳು. ಆನೇಮಹಲ್‌ನಿಂದ ಮನೆಗೆ ಹೋದ ಅತ್ತಿಗೆ ಅದೇ ಮಧ್ಯಾಹ್ನ ಅಂಗಳದಲ್ಲಿ ಕುಸಿದು ಬಿದ್ದಿದ್ದರು. ಹೃದಯ ನಿಂತಿತ್ತು. ಸುದ್ದಿ ಅವತ್ತು ರಾತ್ರಿಯೇ ಸುಮಳಿಗೆ ಬಂದಿತ್ತು. ನಾನು ಅತ್ತು ಮೂಗು ಸೀಟಿದರೆ ಗಾಳಿ ನುಗ್ಗಿ ಕಣ್ಣಿಗೆ ತೊಂದರೆಯಾದೀತು ಅಂತ ಅಣ್ಣನೇ ಹೇಳಬೇಡ ಅಂದಿದ್ದನಂತೆ. ಮಣ್ಣು ಕೂಡ ಆಗಿಹೋಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಸುಮ ಸೆರಗಿನಿಂದ ನನ್ನ ಎಡಗೆನ್ನೆ ಒರೆಸಿದಳು. ಒದ್ದೆಯಾಗಿದೆ ಅಂತ ಆಗಲೇ ನನಗೆ ತಿಳಿದದ್ದು.

ಮುಂದೊಂದು ಸಲ ಡಾಕ್ಟರನ್ನು ಕೇಳಿದೆ. ಕೆಲವು ಕೋನದಲ್ಲಿ ಎರಡು ಬಿಂಬ ಕೂಡಿಕೊಂಡು ಒಂದಾಗುವುದುಂಟು ಅಂದರು. ಸರಿಯಾದ ಮಾತು, ನಾನೇ ಆದರೂ ಮಕ್ಕಳಿಗೆ ಹಾಗೇ ಹೇಳುತ್ತಿದ್ದೆ. ಆದರೆ ಭುಜಕ್ಕೆ ಭುಜ ತಾಗಿಸಿ ನಿಂತವರಲ್ಲಿ ಒಬ್ಬರಿಗೆ ಒಂದು ಕೋನ, ಇನ್ನೊಬ್ಬರಿಗೆ ಇನ್ನೊಂದೇ? ಅವರು ನಕ್ಕು ಮುಂದಿನವರನ್ನು ಒಳಗೆ ಕರೆದರು.

ತಿಥಿ ಕಳೆದ ಮೇಲೆ ಜಗಲಿಯಲ್ಲಿ ಅಣ್ಣ ನನ್ನ ಪಕ್ಕ ಬಂದು ಕೂತ.

“ಅವತ್ತು ಬೆಳಿಗ್ಗೆ ನಾನು ತೋಟಕ್ಕೆ ಹೋಗ್ವಾಗ ಒಲೆ ಕಡೆ ಮುಖ ಮಾಡ್ಕಂಡಿದ್ಲು. ನಾನು ಮುಖನೇ ನೋಡ್ಲಿಲ್ಲ ಕಣೋ” ಅಂದ. ಆಮೇಲೆ, “ನಿಂಗೆ ಆವಾಗ ಎರಡೆರಡು ಕಾಣ್ತಿತ್ತಲ್ಲ, ಅವ್ಳು ಸರಿಯಾಗಿ ಕಂಡ್ಲಾ?”

“ಚೆನ್ನಾಗಿ ಕಂಡ್ರು ಅಣ್ಣ.”

“ಹಂಗಾರೆ ಸರಿ ಬುಡು” ಅಂದು ಎದ್ದು ಹೋದ.

ಸಮಾಧಾನಕ್ಕೆ ಹೇಳಿದೆ ಅಂದುಕೊಂಡನೋ ಏನೋ. ಹೇಗೆ ಕಂಡರು, ಯಾಕೆ ಅವರೊಬ್ಬರೇ ಹಾಗೆ ಕಂಡರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅವನಿಗೆ ಹೇಳಿದ್ದು ಸುಳ್ಳಲ್ಲ, ಅಷ್ಟು ಗೊತ್ತು.