ನವೀಕರಿಸತಕ್ಕದ್ದು

ನವೀಕರಿಸು ಎಂಬ ಕ್ರಿಯಾಪದ ಕಂಡರೆ ನಾನು ಇವತ್ತಿಗೂ ಎರಡೆರಡು ಸಲ ಓದುತ್ತೇನೆ. ಅದಕ್ಕೆ ಎರಡು ಅರ್ಥ: ಹೊಸದಾಗಿಸು ಅನ್ನುವುದು ಒಂದು, ಲೈಸೆನ್ಸಿನಂಥ ಅಧಿಕಾರಪತ್ರದ ಅವಧಿ ಮುಂದುವರಿಸು ಅನ್ನುವುದು ಇನ್ನೊಂದು. ಏಳನೇ ಕ್ಲಾಸಿನ ನನಗೆ ಗೊತ್ತಿದ್ದದ್ದು ಮೊದಲನೆಯದು ಮಾತ್ರ.

ಎಂಬತ್ತರ ದಶಕದ ಮೊದಲ ವರ್ಷಗಳು. ಯಲಹಂಕದಲ್ಲಿ ನಮ್ಮಪ್ಪ, ನಮ್ಮ ಮಾತಿನಲ್ಲಿ ಅಬ್ಬಾ, ಪುಟ್ಟ ಬೇಕರಿ ನಡೆಸುತ್ತಿದ್ದರು. ಅದುವರೆಗೆ ಇಂಗ್ಲಿಷಿನಲ್ಲಿ ಬರುತ್ತಿದ್ದ, ಏಜೆಂಟನೊಬ್ಬ ನೋಡಿಕೊಳ್ಳುತ್ತಿದ್ದ ಲೈಸೆನ್ಸ್ ಕಚೇರಿಯ ಕಾಗದ ಆ ಸಲ ಕನ್ನಡದಲ್ಲಿ ಬಂತು, ಅವನೂ ಊರು ಬಿಟ್ಟಿದ್ದ. ಅಬ್ಬಾ ಓದುತ್ತಿದ್ದದ್ದು ಉರ್ದು. ಕನ್ನಡ ಬರೀ ಮಾತಿಗೆ. ಮನೆಯಲ್ಲಿ ಕನ್ನಡ ಶಾಲೆಗೆ ಹೋಗುತ್ತಿದ್ದವಳು ನಾನೊಬ್ಬಳೇ, ಜಂಬ ಕೇಳಬೇಕೆ?

"ಬೇಕರಿ ಪರವಾನಗಿ ಸಂಬಂಧ: ತಿಂಗಳ ಕೊನೆಯೊಳಗೆ ನವೀಕರಿಸತಕ್ಕದ್ದು. ತಪ್ಪಿದಲ್ಲಿ ಬಾಗಿಲು ಮುಚ್ಚಿಸಲಾಗುವುದು." ಏನನ್ನು ನವೀಕರಿಸಬೇಕು ಅಂತ ಆ ಮಹಾರಾಯ ಬರೆದಿರಲಿಲ್ಲ. ನಾನು ಗೊತ್ತಿಲ್ಲ ಅನ್ನಬಹುದಿತ್ತು. ಅಂಗಡಿಯನ್ನು ಹೊಸದು ಮಾಡಬೇಕಂತೆ ಎಂದು ನಮ್ಮ ಮನೆಮಾತು ದಖನಿ ಉರ್ದುವಿನಲ್ಲಿ ಘೋಷಿಸಿಬಿಟ್ಟೆ.

ಅಬ್ಬಾ ಸುಣ್ಣ ಹೊಡೆಸಿದರು, ಬನ್ನಿನ ಕಪಾಟಿಗೆ ಹೊಸ ಗಾಜು ಹಾಕಿಸಿದರು, ಭಟ್ಟಿಯ ಬಾಯಿಗೆ ಗಾರೆ ಮೆತ್ತಿಸಿದರು. ಆಮೇಲೆ ದಿನಾ ಇಸ್ತ್ರಿ ಅಂಗಿ ತೊಟ್ಟು ಹೊಸ ಅಂಗಡಿ ನೋಡಲು ಬರಬಹುದಾದ ಇನ್ಸ್‌ಪೆಕ್ಟರಿಗಾಗಿ ಕಾದರು. ತಿಂಗಳು ಮುಗಿಯಿತು, ಯಾರೂ ಬರಲಿಲ್ಲ.

ಮರುವಾರ ನಮ್ಮ ಕನ್ನಡ ಮೇಷ್ಟ್ರು, "ರೇಡಿಯೋ ಲೈಸೆನ್ಸ್ ನವೀಕರಿಸ್ಬೇಕು, ಪೋಸ್ಟಾಫೀಸಿಗೆ ಹೋಗ್ಬರ್ತೀನಿ" ಅಂದರು. ರೇಡಿಯೋಗೆ ಯಾರೂ ಸುಣ್ಣ ಬಳಿಯುವುದಿಲ್ಲ. ಮನೆಗೆ ಓಡಿ ಅಳುತ್ತಲೇ ಹೇಳಿದೆ. ಅಬ್ಬಾ ಬೈಯಲಿಲ್ಲ, ಕಾಗದ ತೆಗೆದುಕೊಂಡು ಕಚೇರಿಗೆ ಹೊರಟರು. ನಾನೂ ಹಿಂದೆ ಹೋದೆ.

"ಮುಗ್ದು ವಾರ ಆಯ್ತಲ್ರೀ! ಇಷ್ಟ್ ದಿನ ಏನ್ ಮಾಡ್ತಿದ್ರಿ?" ಗುಮಾಸ್ತರು ಗದರಿದರು.

"ಅಂಗಡಿಗೆ ಸುಣ್ಣ ಹೊಡೆಸ್ತಿದ್ದೆ ಸಾರ್."

ಅವರು ಕಾಗದವನ್ನು ಇಸಿದುಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ಅಲ್ಲಿದ್ದವರೆಲ್ಲ ನಕ್ಕರು. "ಯಾರ್ರೀ ಇದನ್ನ ಹಿಂಗೆ ಓದಿದ್ದು?"

ಗೋಡೆಗೆ ಅಂಟಿಕೊಂಡು ನಿಂತೆ. ಆಗ ಹೆದರಿದ್ದು ಬೇಕರಿಗಾಗಿಯೋ ನನಗಾಗಿಯೋ? ನನಗಾಗಿಯೇ ಇರಬೇಕು.

"ನಾನೇ ಸಾರ್," ಅಂದರು ಅಬ್ಬಾ. "ಕನ್ನಡ ಓದೋದು ಈಗೀಗ ಕಲೀತಿದ್ದೀನಿ. ತಪ್ಪಾಯ್ತು."

ಗುಮಾಸ್ತರ ಸಿಟ್ಟು ಇಳಿಯಿತು. ತಡವಾದರೂ ನವೀಕರಿಸಿ ಕೊಡುತ್ತೇನೆ ಎಂದು ಅರ್ಜಿಯನ್ನು ತಾವೇ ತುಂಬಿ ಮುಂದಿಟ್ಟರು. "ಕಲೀತಿದ್ದೀರಲ್ಲ, ಕನ್ನಡದಲ್ಲೇ ಸೈನ್ ಹಾಕಿ."

ಅಬ್ಬಾ ನನ್ನ ಕಡೆ ತಿರುಗಲಿಲ್ಲ. ಗುಮಾಸ್ತರು ಅರ್ಜಿಯಲ್ಲಿ ಬರೆದಿದ್ದ ತಮ್ಮ ಹೆಸರನ್ನು ನೋಡಿ ನೋಡಿ, ಒಂದೊಂದೇ ಅಕ್ಷರವನ್ನು ಚಿತ್ರದಂತೆ ಕೆಳಗೆ ಇಳಿಸಿದರು.