ಗಾಜಿಗೆ ಹಚ್ಚಿದ ಅಂಟು

ಶಿಜುವೊಕಾದ ರೈಲು ನಿಲ್ದಾಣದ ಹಿಂಬದಿಯ ಬೀದಿಯಲ್ಲಿ, ಕ್ಷೌರದಂಗಡಿಗೂ ಚಹಾಪುಡಿ ಅಂಗಡಿಗೂ ನಡುವೆ ಒತ್ತಿಕೊಂಡು ನಿಂತಿರುವುದು ಇಕೆಗಾಯಾ ಮನೆತನದವರ ಆಟಿಕೆ ಮಾದರಿಗಳ ಅಂಗಡಿ. ವಿಮಾನ, ಹಡಗು, ಕಾರು, ಕೋಟೆ ಎಲ್ಲವೂ ಬಿಡಿ ಬಿಡಿ ಪ್ಲಾಸ್ಟಿಕ್ ತುಂಡುಗಳಾಗಿ ಡಬ್ಬಿಗಳೊಳಗೆ ಕೂತಿರುತ್ತವೆ. ಕೊಂಡವರು ಮನೆಗೆ ಒಯ್ದು ಅಂಟು ಹಚ್ಚಿ ಕೂಡಿಸಿಕೊಳ್ಳಬೇಕು.

ಮಸುಯೊ ಆ ಅಂಗಡಿಗೆ ಸೊಸೆಯಾಗಿ ಬಂದವಳು. ಅವಳ ತವರು ಅಬೆ ನದಿಯ ಮೇಲುಗಡೆ, ಚಹಾ ತೋಟಗಳ ನಡುವೆ. ಅಲ್ಲಿ ಅವಳ ತಾಯಿ ಇಂಥ ಮಾದರಿಗಳ ಕಾರ್ಖಾನೆಯಿಂದ ತುಂಡುಗಳನ್ನು ಚೀಲಕ್ಕೆ ತುಂಬುವ ಕೆಲಸವನ್ನು ಮನೆಗೇ ತರುತ್ತಿದ್ದಳು. ಊಟದ ಮಣೆಯ ಮೇಲೆ ಒಂದು ದಿನ ಗಾಲಿಗಳ ಗುಡ್ಡೆ, ಇನ್ನೊಂದು ದಿನ ರೆಕ್ಕೆಗಳ ಗುಡ್ಡೆ. ತಾಯಿ ಮಕ್ಕಳು ಸುತ್ತ ಕೂತು ಲೆಕ್ಕ ತಪ್ಪದಂತೆ ಚೀಲಕ್ಕೆ ತುಂಬಬೇಕು. ಹೀಗೆ ಹುಡುಗಿಯಾಗಿದ್ದಾಗಿನಿಂದ ಮಸುಯೊಗೆ ತುಂಡುಗಳ ಪರಿಚಯ ಚೆನ್ನಾಗಿತ್ತು. ಒಂದನ್ನಾದರೂ ಪೂರ್ತಿ ಕೂಡಿಸಿ ನೋಡಿದವಳಲ್ಲ. ಮದುವೆಯಾದ ಮೇಲೂ ಅಷ್ಟೇ. ಅಂಗಡಿಯಲ್ಲಿ ಧೂಳು ಹೊಡೆಯುವುದು, ಡಬ್ಬಿ ಕಟ್ಟಿಕೊಡುವುದು, ಬಂದವರಿಗೆ ಚಹಾ ಕೊಡುವುದು ಅವಳ ಪಾಲು. ಅಂಟಿನ ಬಾಟಲಿಗಳ ಕಪಾಟು ಮಾತ್ರ ಗಂಡ ಷೋಜಿಯದು.

'ಅಂಟು ಕೊಡಿ' ಎಂದರೆ ಷೋಜಿ ಕೊಡುತ್ತಿರಲಿಲ್ಲ.

"ಯಾವುದಕ್ಕೆ ಯಾವುದು ಅಂಟ್ಬೇಕು?" ಎಂದು ಮೊದಲು ಕೇಳುವವನು. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕಾ, ಲೋಹವಾ, ಬಣ್ಣ ಬಳಿದಾಗಿದೆಯಾ, ಸಂದು ಅಗಲವಾ ಕಿರಿದಾ ಎಂದೆಲ್ಲ ವಿಚಾರಿಸಿಯೇ ಬಾಟಲಿ ಮುಟ್ಟುತ್ತಿದ್ದ.

ಪಕ್ಕದ ಕ್ಷೌರಿಕ ನಾಗಾಕುರಾ ಬಿಡುವಿದ್ದಾಗಲೆಲ್ಲ ಬಂದು ಕೂರುತ್ತಿದ್ದ. ಅವನಿಗೆ ಹಡಗಿನ ಮಾದರಿ ಕಟ್ಟುವ ಹುಚ್ಚು. ಅವನು ಹಂಗಿಸುತ್ತಿದ್ದ.

"ಏನೋ ಷೋಜಿ, ಮದುವೆ ದಲ್ಲಾಳಿ ಕೇಳಿದ ಹಾಗೆ ಕೇಳ್ತೀಯಲ್ಲೋ."

"ಎರಡೂ ಕಡೆಯವರನ್ನ ನೋಡ್ದೆ ಸಂಬಂಧ ಮಾಡ್ಸೋಕಾಗುತ್ತಾ? ನೀನು ಹಂಗೇ ನೋಡ್ದೆ ಮದುವೆ ಆದೆಯಲ್ವಾ, ನೋಡು ಈಗ ನಿನ್ನ ಹೆಂಡತಿ ಪಾಡು."

ಇಂಥ ಬಾಯಿದ್ದ ಮನುಷ್ಯ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತಲು ಹೋದವನು ಅಲ್ಲೇ ಕುಸಿದ. ಪಾರ್ಶ್ವವಾಯು ಹೊಡೆದಿತ್ತು. ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಗಂಟಲಿನಿಂದ ಒಂದು ಸ್ವರ ಬರುತ್ತಿತ್ತು ಅಷ್ಟೇ. ಎಲ್ಲದಕ್ಕೂ ಅದೇ ಸ್ವರ.

ಮನೆಗೆ ಕಳಿಸುವಾಗ ಆಸ್ಪತ್ರೆಯ ನರ್ಸಮ್ಮ ಹೇಳಿಕೊಟ್ಟಿದ್ದಳು. "ಅವ್ರಿಗೆ ಎಲ್ಲಾ ತಿಳಿಯುತ್ತೆ. ಹೌದು ಅಂತಿದ್ರೆ ನಿಧಾನಕ್ಕೆ ಕಣ್ಣು ಮುಚ್ಚುತಾರೆ. ಕೇಳ್ಬಿಟ್ಟು ಸ್ವಲ್ಪ ಹೊತ್ತು ಕಾಯ್ಬೇಕು ನೀವು."

ಮಸುಯೊ ಕೇಳುತ್ತಿದ್ದಳು. ಹಸಿವಾ? ಬಚ್ಚಲಿಗಾ? ಚಳಿಯಾ? ಈ ಮೂರೇ. ಕಾಯುವುದಕ್ಕೆ ಮಾತ್ರ ಪುರುಸೊತ್ತು ಇರುತ್ತಿರಲಿಲ್ಲ. ಮುಖ ನೋಡಿಯೇ ತಿಳಿಯುತ್ತದೆ ಎಂದುಕೊಂಡಿದ್ದಳು. ಗಾಲಿಕುರ್ಚಿಯಲ್ಲಿ ಅವನನ್ನು ಅಂಗಡಿಯ ಮೂಲೆಯಲ್ಲಿ ಕೂರಿಸಿ, ಮೊಣಕಾಲಿಗೆ ಕಂಬಳಿ ಹೊದಿಸಿ, ತಾನೇ ಗಲ್ಲಾದ ಮುಂದೆ ನಿಂತಳು. ಅಂಗಡಿಯ ವಿಷಯ ಒಂದು ದಿನವೂ ಅವನನ್ನು ಕೇಳಲಿಲ್ಲ. ಪಾಪ, ಅವನಿಗೇಕೆ ಆ ತಲೆನೋವು ಎಂದು.

ದಿನಾ ಮಧ್ಯಾಹ್ನ ಬರುತ್ತಿದ್ದವಳು ಕಾತ್ಸುಮಾತಾ. ಮಸುಯೊಗಿಂತ ಐದಾರು ವರ್ಷಕ್ಕೆ ದೊಡ್ಡವಳು, ವಿಧವೆ. ಅವಳ ಮಗ ಹಿಸಾಶಿಗೆ ನಲವತ್ತು ದಾಟಿದೆ. ಎಂದೋ ಕೆಲಸ ಬಿಟ್ಟು ಬಂದು ಮಹಡಿಯ ಕೋಣೆ ಸೇರಿದವನು ಹೊರಗೆ ಕಾಲಿಟ್ಟಿಲ್ಲ, ಯಾರಿಗೂ ಮುಖ ತೋರಿಸುವುದಿಲ್ಲ, ತಾಯಿಗೂ ಇಲ್ಲ. ಊಟದ ತಟ್ಟೆ ಬಾಗಿಲ ಹೊರಗೆ ಇಡಬೇಕು, ಖಾಲಿಯಾದ ಮೇಲೆ ಎತ್ತಿಕೊಳ್ಳಬೇಕು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಮಾತ್ರ ಅವನು ಕೆಳಗಿಳಿದು ಸ್ನಾನ ಮಾಡುವುದು. ಆದ್ದರಿಂದ ಕಾತ್ಸುಮಾತಾ ಮಳೆಯೋ ಬಿಸಿಲೋ, ಮಧ್ಯಾಹ್ನ ಮನೆ ಬಿಟ್ಟು ಹೊರಡಲೇಬೇಕು. ಹೊರಟು ಎಲ್ಲಿಗೆ ಹೋಗುವುದು? ಈ ಅಂಗಡಿಗೆ.

ತಾಯಿಗೂ ಮಗನಿಗೂ ಉಳಿದಿದ್ದು ಒಂದೇ ವ್ಯವಹಾರ. ಒಂದು ಮಾದರಿ ಕಟ್ಟಿ ಮುಗಿದ ಕೂಡಲೇ ಅವನು ಅದನ್ನು ಬಾಗಿಲ ಹೊರಗೆ ಇಡುತ್ತಾನೆ, ಪಕ್ಕದಲ್ಲಿ ಅದರ ಖಾಲಿ ಡಬ್ಬಿ. ಅವಳು ಮಾದರಿಯನ್ನು ಕೆಳಗಿನ ಕೋಣೆಯ ಕಪಾಟಿನಲ್ಲಿ ಇಟ್ಟು, ಡಬ್ಬಿ ಹಿಡಿದು ಅಂಗಡಿಗೆ ಬರುತ್ತಾಳೆ. ಷೋಜಿ ಚೆನ್ನಾಗಿದ್ದಾಗ ಡಬ್ಬಿ ನೋಡಿ ಮುಂದಿನದನ್ನು ಆರಿಸಿ ಕೊಡುತ್ತಿದ್ದ. ಈಗ ಮಸುಯೊ ಕೈಗೆ ಸಿಕ್ಕಿದ್ದನ್ನು ಕೊಡುತ್ತಾಳೆ.

ಹಾಗೆ ಕೈಗೆ ಸಿಕ್ಕಿ ಕೊಟ್ಟದ್ದೇ ಹಳೇ ಕಾಲದ ಮೂರು ಗಾಲಿಯ ಟ್ರಕ್ಕು. ಅದು ಕಟ್ಟಿ ಬಾಗಿಲ ಹೊರಗೆ ಬಂದ ದಿನ ಕಾತ್ಸುಮಾತಾ ಅಂಗಡಿಗೆ ಬಂದು ಖಾಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

"ಟ್ರಕ್ಕೊಳಗೆ ಅವನಪ್ಪನ್ನ ಕೂರ್ಸಿದ್ದಾನೆ, ಮಸುಯೊ-ಸಾನ್," ಎಂದಳು.

ಡಬ್ಬಿಯಲ್ಲಿ ಚಾಲಕನ ಗೊಂಬೆ ಇರಲಿಲ್ಲ. ಹಿಸಾಶಿ ತಾನೇ ಹಿಟ್ಟಿನಂಥ ಮೇಣದಲ್ಲಿ ಬೆರಳ ಉಗುರಿನಷ್ಟು ಮುಖ ತಿದ್ದಿ, ತಲೆಗೆ ಟವಲು ಸುತ್ತಿ ಕೂರಿಸಿದ್ದ. ಅವನಪ್ಪ ಅಂಥದೇ ಟ್ರಕ್ಕಿನಲ್ಲಿ ಕಿತ್ತಳೆ ಹೇರಿಕೊಂಡು ಮಂಡಿಗೆ ಹೋಗುತ್ತಿದ್ದವನು.

"ಎಡಗಿವಿನೂ ಮಡಿಸಿದ್ದಾನೆ. ನಮ್ಮನೆಯವ್ರ ಕಿವಿ ಹಂಗೇ ಇತ್ತು. ಇಪ್ಪತ್ತು ವರ್ಷದಲ್ಲಿ ಅವನು ನಂಗೆ ಹೇಳಿದ ಮೊದಲ ಮಾತು ಇದು."

ಮಸುಯೊಗೂ ಒಳಗೊಳಗೆ ಹೆಮ್ಮೆ. ಆ ಡಬ್ಬಿ ಆರಿಸಿದ ಕೈ ತನ್ನದಲ್ಲವೇ. ಮುಂದಿನ ಡಬ್ಬಿಯನ್ನೂ ತಾನೇ ತೆಗೆದುಕೊಟ್ಟಳು.

ಇದಾಗಿ ಕೆಲವು ದಿನಕ್ಕೆ, ಇನ್ನೂ ಅಂಗಡಿಯ ಬಾಗಿಲು ಅರ್ಧ ಎತ್ತಿರುವಾಗಲೇ, ಕಾತ್ಸುಮಾತಾ ಬಗ್ಗಿ ಒಳಗೆ ನುಗ್ಗಿದಳು. ಎದೆಗೆ ಅವುಚಿಕೊಂಡ ಬಟ್ಟೆ ಗಂಟು. ಬಿಚ್ಚಿದರೆ, ಟ್ರಕ್ಕು, ಅದನ್ನು ಧೂಳಿನಿಂದ ಕಾಯುವ ಪಾರದರ್ಶಕ ಪೆಟ್ಟಿಗೆಯ ಸಮೇತ ಇದೆ. ಟ್ರಕ್ಕಿನ ಮುಂದಿನ ಗಾಜು, ಗಾಜೆಂದರೆ ತೆಳುವಾದ ತಿಳಿ ಪ್ಲಾಸ್ಟಿಕ್ ತುಂಡು, ಮಾತ್ರ ಕಳಚಿ ಬೇರೆ ಬಿದ್ದಿದೆ.

"ಹತ್ತಿರದಿಂದ ಮುಖ ನೋಡೋಣ ಅಂತ ಹೊರಗೆ ತೆಗ್ದೆ. ಬೆರಳು ತಾಗಿಬಿಡ್ತು. ಮಧ್ಯಾಹ್ನ ಅವನು ಇಳಿದು ಬರ್ತಾನೆ, ನೋಡ್ತಾನೆ. ನಾನು ಮುಟ್ಟಿ ಹಾಳು ಮಾಡ್ದೆ ಅಂತ ಗೊತ್ತಾದ್ರೆ ಇನ್ನೊಂದು ಡಬ್ಬಿ ಹೊರಗಿಡಲ್ಲ ಅವನು."

"ಇವತ್ತು ಮನೇಲೇ ಇದ್ಬಿಡಿ."

"ನಾನು ಮನೇಲಿದ್ರೆ ಅವನಿಗೆ ಸ್ನಾನ ಇಲ್ವಲ್ಲ."

ಮಸುಯೊ ಅಂಟಿನ ಕಪಾಟಿನ ಮುಂದೆ ನಿಂತಳು. ಇಷ್ಟು ವರ್ಷ ಷೋಜಿಯ ಮಾತು ಕಿವಿಗೆ ಬಿದ್ದದ್ದು ಸುಮ್ಮನೆ ಹೋಗಿರಲಿಲ್ಲ. ಬಿಳಿ ಮುಚ್ಚಳದ ಗಟ್ಟಿ ಅಂಟು, ಹಸಿರು ಮುಚ್ಚಳದ ತೆಳು ಅಂಟು ಎರಡೂ ಪ್ಲಾಸ್ಟಿಕ್ಕನ್ನು ಕರಗಿಸಿ ಹಿಡಿಯುವಂಥವು, ಗಾಜಿನ ತುಂಡಿಗೆ ತಾಗಿದರೆ ಗಾಜನ್ನೇ ತಿಂದುಬಿಡುತ್ತವೆ. ಅದು ಅವಳಿಗೆ ಗೊತ್ತು. ಹಾಗಾದರೆ ಕರಗಿಸದ್ದು ಬೇಕು. ಹಾಗೆಂದು ಯೋಚಿಸಿ, ಮುಟ್ಟಿದ ಕ್ಷಣದಲ್ಲೇ ಹಿಡಿದುಬಿಡುವ ಅಂಟಿನ ಚಿಕ್ಕ ಕೊಳವೆ ಎತ್ತಿಕೊಂಡಳು. ಹೊತ್ತೂ ಇಲ್ಲ, ಇದು ಬೇಗನೂ ಹಿಡಿಯುತ್ತದೆ.

ಮೂಲೆಯಲ್ಲಿ ಷೋಜಿ ಸ್ವರ ತೆಗೆದ.

"ಇರಿ ರೀ, ಬಂದೆ," ಎಂದಳು ಮಸುಯೊ.

ಅವನು ಎಡಗೈಯಿಂದ ಕುರ್ಚಿಯ ಹಿಡಿಯನ್ನು ಬಡಿದ. ಮತ್ತೆ ಬಡಿದ. ಕಣ್ಣು ಕಪಾಟಿನ ಕೆಳಗಿನ ಖಾನೆಯ ಕಡೆ, ಶಾಲೆಯ ಮಕ್ಕಳು ಒಯ್ಯುವ ಬಿಳಿ ಗೋಂದಿನ ಬಾಟಲಿಗಳ ಕಡೆ ಇತ್ತು. ಮಸುಯೊ ಅವನ ಕಣ್ಣು ಎಲ್ಲಿತ್ತೆಂದು ನೋಡಲಿಲ್ಲ.

"ಬಚ್ಚಲಿಗಾ?"

ಅವನು ಕಣ್ಣು ಮುಚ್ಚಲಿಲ್ಲ. ಅಗಲವಾಗಿ ತೆರೆದೇ ಇಟ್ಟ. ಅಷ್ಟರಲ್ಲಿ ಅವಳು ಕುರ್ಚಿಯ ಹಿಂದೆ ಹೋಗಿ ತಳ್ಳಲು ಶುರು ಮಾಡಿದ್ದಳು. ಒಳಮನೆಯ ಪರದೆ ದಾಟುವಾಗ ಷೋಜಿ ಎಡಗೈಯಲ್ಲಿ ಪರದೆಯನ್ನು ಬಿಗಿಯಾಗಿ ಹಿಡಿದುಕೊಂಡ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

"ಏನ್ರೀ ಇವತ್ತು ಮಗು ಥರ. ಅವ್ರು ಪಾಪ ಅವಸರದಲ್ಲಿದ್ದಾರೆ."

ಬಚ್ಚಲಲ್ಲಿ ಏನೂ ಆಗಲಿಲ್ಲ. ವಾಪಸು ತಂದು ಮೂಲೆಯಲ್ಲಿ ಬಿಟ್ಟಳು.

ಕಾತ್ಸುಮಾತಾ ಟ್ರಕ್ಕನ್ನು ಅವಳ ಮುಂದೆ ಸರಿಸಿದಳು. ಹಾಗಾಗಿ ಮಸುಯೊ ತಾನೇ ಕನ್ನಡಕ ಏರಿಸಿ ಕೂತಳು. ಹಲ್ಲುಕಡ್ಡಿಯ ತುದಿಯಲ್ಲಿ ಅಂಟು ತೆಗೆದು, ಚೌಕಟ್ಟಿನ ನಾಲ್ಕು ಮೂಲೆಗೆ ಚುಕ್ಕಿ ಇಟ್ಟು, ಉಸಿರು ಹಿಡಿದು ಗಾಜನ್ನು ಕೂರಿಸಿದಳು. ಒಂದಿಷ್ಟೂ ಓರೆಯಾಗಲಿಲ್ಲ, ಎಲ್ಲೂ ಒಸರಲಿಲ್ಲ. ಜೀವಮಾನದಲ್ಲಿ ಅವಳು ಅಂಟು ಹಚ್ಚಿ ಕೂಡಿಸಿದ ಮೊದಲ ತುಂಡು ಅದು. ಒಳಗೆ ಟವಲು ಸುತ್ತಿದ ಚಿಕ್ಕ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು, ಮಡಿಸಿದ ಕಿವಿಯ ಸಮೇತ.

"ಧೂಳು ಕೂರ್ದಂಗೆ ಈಗ್ಲೇ ಮುಚ್ಚಿಬಿಡೋಣ," ಎಂದು ಪೆಟ್ಟಿಗೆ ಮುಚ್ಚಿ, ಬಿಗಿಯಾಯಿತೇ ಎಂದು ಒತ್ತಿ ನೋಡಿದಳು.

ಷೋಜಿಯ ಎಡಗೈ ಅಷ್ಟು ಹೊತ್ತೂ ಬಡಿಯುತ್ತಲೇ ಇತ್ತು. ಪೆಟ್ಟಿಗೆ ಮುಚ್ಚಿದ ಮೇಲೆ ನಿಂತಿತು.

ಮಧ್ಯಾಹ್ನ ಎಂದಿನಂತೆ ಕಾತ್ಸುಮಾತಾ ಬಂದಳು. ಟ್ರಕ್ಕು ಕಪಾಟಿನಲ್ಲಿ ಇಟ್ಟ ಜಾಗದಲ್ಲೇ ಕೂತಿದೆ ಎಂದಳು. ಮುಖದಲ್ಲಿ ಗೆಲುವಿತ್ತು. ಮೂಲೆಯಂಗಡಿಯಿಂದ ಕಪ್ಪು ಸಾರಿನಲ್ಲಿ ಬೆಂದ ಮೂಲಂಗಿ, ಮೀನಿನ ಬಿಲ್ಲೆ ಕಟ್ಟಿಸಿಕೊಂಡು ಬಂದಿದ್ದಳು. ಇಬ್ಬರೂ ಕಡ್ಡಿಗೆ ಚುಚ್ಚಿ ತಿಂದರು.

"ನಿಮ್ಮ ಕೈಗೆ ಇಂಥ ಹದ ಇದ್ದಿದ್ದು ಇಷ್ಟು ದಿನ ಬಚ್ಚಿಟ್ಕೊಂಡಿದ್ರಲ್ಲ."

"ಇನ್ಮೇಲೆ ಯುದ್ಧನೌಕೆನೇ ಕಟ್ತೀನಿ ನೋಡ್ತಿರಿ. ನಾಗಾಕುರಾ-ಸಾನ್ ಅಂಗಡಿ ಮುಚ್ಚಿಕೊಂಡು ಹೋಗ್ಬೇಕು."

ನಕ್ಕರು. ಷೋಜಿ ತಿನ್ನಲಿಲ್ಲ. ಚಹಾ ಬಾಯಿಗೆ ಹಿಡಿದರೂ ತುಟಿ ತೆರೆಯಲಿಲ್ಲ. ಮುಖ ಗೋಡೆಯ ಕಡೆ ಇತ್ತು. ತಾನು ಮಾಡುತ್ತಿದ್ದ ಕೆಲಸ ಹೆಂಡತಿ ಮಾಡಿದಳೆಂದು ಮುನಿಸಿರಬೇಕು ಎಂದುಕೊಂಡಳು ಮಸುಯೊ.

ಅವರು ಹೀಗೆ ಮೂಲಂಗಿ ತಿನ್ನುತ್ತಿದ್ದ ಹೊತ್ತಿನಲ್ಲೇ ಅಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ, ಆಗುವುದು ಆಗುತ್ತಿತ್ತು.

ಮರುದಿನ ಕಾತ್ಸುಮಾತಾ ಬರಿಗೈಯಲ್ಲಿ ಬಂದು ಸ್ಟೂಲಿನ ಮೇಲೆ ಕೂತಳು.

"ಗಾಜು ಬೆಳ್ಳಗಾಗಿಬಿಟ್ಟಿದೆ. ಯಾರೋ ಒಳಗಿಂದ ಉಸಿರು ಬಿಟ್ಟ ಹಾಗೆ. ನಾನು ನಿನ್ನೆ ಮನೆಗೆ ಹೋಗೋಷ್ಟರಲ್ಲೇ ಆಗಿತ್ತು. ಅವರ ಮುಖ ಕಾಣ್ತಾನೇ ಇಲ್ಲ."

ಮಸುಯೊಗೆ ಅರ್ಥವಾಗಲಿಲ್ಲ. ಪಕ್ಕದ ಗೋಡೆ ತಟ್ಟಿ ನಾಗಾಕುರಾನನ್ನು ಕೂಗಿದಳು. ಅವನು ಬಂದು ಕೇಳಿಸಿಕೊಂಡ.

"ಯಾವ ಅಂಟು ಹಾಕಿದ್ರಿ ಅಕ್ಕಾ?"

ಅವಳು ಕೊಳವೆ ತೋರಿಸಿದಳು. ಅವನು ತಲೆ ಕೆರೆದುಕೊಂಡ.

"ಇದು ಒಣಗ್ವಾಗ ಹಬೆ ಬಿಡುತ್ತೆ. ಆ ಹಬೆ ಗಾಜಿನ ಮೇಲೆ ಕೂತ್ರೆ ಬಿಳಿ. ಬಯಲಲ್ಲಿ ಇಟ್ಟಿದ್ರೆ ಅಷ್ಟಿಷ್ಟು ಹಾರಿಹೋಗ್ತಿತ್ತು. ಪೆಟ್ಟಿಗೆ ಮುಚ್ಚಿದ್ರಾ?"

ಮಸುಯೊ ಕೊಳವೆಯನ್ನು ಗಲ್ಲಾದ ಮೇಲೆ ಇಟ್ಟು ಹೌದೆಂದು ತಲೆಯಾಡಿಸಿದಳು.

"ಗಾಜಿಗೆ ಬಿಳಿ ಗೋಂದು ಅಕ್ಕಾ. ಶಾಲೆ ಮಕ್ಕಳದು. ಒಣಗಿದ್ರೆ ಕಾಣೋದೇ ಇಲ್ಲ, ತಪ್ಪಾದ್ರೆ ನೀರಲ್ಲಿ ಒರೆಸ್ಬಹುದು. ಷೋಜಿ ಇದನ್ನ ಎಷ್ಟು ಜನಕ್ಕೆ..." ಅಷ್ಟು ಹೇಳಿ ಅವನು ಷೋಜಿಯ ಕಡೆ ನೋಡಿದ.

"ಉಜ್ಜಿ ತೆಗೆಯೋಕಾಗಲ್ವಾ?" ಎಂದಳು ಕಾತ್ಸುಮಾತಾ.

"ಒಳಮೈ ಅಲ್ವಾ, ಕೈ ಹೋಗಲ್ಲ. ಗಾಜು ಕಿತ್ರೆ ಚೌಕಟ್ಟೂ ಬರುತ್ತೆ. ಆಮೇಲೆ ಒಳಗೆ ಕೂತಿರೋರ ಮುಖಕ್ಕೇ ಏನಾಗುತ್ತೋ."

"ಬೇಡ. ನಾನಿನ್ನು ಮುಟ್ಟಲ್ಲ."

ನಾಗಾಕುರಾ ಹೋದ ಮೇಲೆ ಮಸುಯೊ ಷೋಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ರೀ. ನೀವು ನಿನ್ನೆ ಹೇಳ್ತಿದ್ದಿದ್ದು ಇದಾ?"

ಈ ಸಲ ಕಾದಳು. ಷೋಜಿ ನಿಧಾನವಾಗಿ ಕಣ್ಣು ಮುಚ್ಚಿದ. ಬಹಳ ಹೊತ್ತು ತೆರೆಯಲಿಲ್ಲ. ಒಂದು ರೆಪ್ಪೆಯ ಸಂದಿನಿಂದ ನೀರು ಇಳಿಯಿತು. ಇಷ್ಟು ದಿನವೂ ಅವನು ಮೂಲೆಯಲ್ಲಿ ಕೂತು ಇನ್ನೂ ಏನೇನು ಹೇಳುತ್ತಿದ್ದನೋ ಎಂದು ಅವಳಿಗೆ ಅನಿಸಿತು. ಅದನ್ನೆಲ್ಲ ಈಗ ಯಾವ ಪ್ರಶ್ನೆಯಿಂದ ಕೇಳುವುದು?

ಅದರ ಮರುದಿನ ಕಾತ್ಸುಮಾತಾ ಅಂಗಡಿಯಿಂದ ಮನೆಗೆ ಹೋದಾಗ ಕಪಾಟಿನಲ್ಲಿ ಟ್ರಕ್ಕಿನ ಜಾಗ ಖಾಲಿ ಇತ್ತು. ಹಿಸಾಶಿ ಅದನ್ನು ಮೇಲಕ್ಕೆ ಒಯ್ದಿದ್ದ. ಅಷ್ಟೇ. ಊಟದ ತಟ್ಟೆ ಖಾಲಿಯಾಗಿ ಹೊರಬರುತ್ತಿತ್ತು, ಬಚ್ಚಲು ಒದ್ದೆಯಾಗಿರುತ್ತಿತ್ತು. ಡಬ್ಬಿ ಮಾತ್ರ ಬರಲಿಲ್ಲ. ಬಾಗಿಲ ಹೊರಗೆ ನಿಂತು, ಅಪ್ಪನ ಮುಖ ನೋಡೋಕೆ ಹೋಗಿ ಹೀಗಾಯ್ತು ಕಣೋ ಎಂದು ಅವಳು ಹೇಳಿಯೂ ನೋಡಿದಳು. ಮರುದಿನವೂ ತಟ್ಟೆಯೊಂದೇ ಹೊರಬಂತು.

ಚಳಿ ಹೋಗಿ ಹೊಸ ಚಹಾ ಎಲೆ ಕೀಳುವ ಕಾಲ ಬಂತು. ಕಾತ್ಸುಮಾತಾ ಈಗಲೂ ದಿನಾ ಮಧ್ಯಾಹ್ನ ಬರುತ್ತಾಳೆ, ಕೈಯಲ್ಲಿ ಏನೂ ಇರುವುದಿಲ್ಲ. ಮಸುಯೊ ಕ್ಷಮೆ ಕೇಳಲು ಬಾಯಿ ತೆರೆದರೆ ಕೈ ಅಡ್ಡ ಹಿಡಿಯುತ್ತಾಳೆ.

"ದಿನಾ ಅದನ್ನೇ ಹೇಳ್ಬೇಡಿ. ನಂಗೂ ಎಲ್ಲಾದ್ರೂ ಕೂರ್ಬೇಕಲ್ಲ."

ಮಸುಯೊ ಈಗ ಅಂಗಡಿಯಲ್ಲಿ ಜನ ಇಲ್ಲದಾಗ ಅಂಟಿನ ಬಾಟಲಿಗಳನ್ನು ತಟ್ಟೆಯಲ್ಲಿ ಜೋಡಿಸಿ ಷೋಜಿಯ ತೊಡೆಯ ಮೇಲೆ ಇಡುತ್ತಾಳೆ. ಲೋಹಕ್ಕೆ ಯಾವುದು, ಬಣ್ಣ ಬಳಿದ ಮೇಲೆ ಯಾವುದು ಎಂದು ಒಂದೊಂದೇ ಕೇಳಿ, ಅವನ ಎಡಗೈ ಒಂದರ ಮೇಲೆ ಹೋಗಿ ಕೂರುವವರೆಗೂ ಕಾಯುತ್ತಾಳೆ. ಎಷ್ಟು ಹೊತ್ತಾದರೂ. ಗಾಜಿಗೆ ಎಂದು ಮಾತ್ರ ಅವಳು ಕೇಳುವುದಿಲ್ಲ.

ಅಂಥ ಒಂದು ಮಧ್ಯಾಹ್ನ ಕಾತ್ಸುಮಾತಾ ಇವರಿಬ್ಬರನ್ನು ನೋಡುತ್ತ ಕೂತಿದ್ದವಳು ಹೇಳಿದಳು. "ಮಸುಯೊ-ಸಾನ್, ಅವರನ್ನ ನನ್ನದೂ ಒಂದು ಕೇಳಿ. ಹಿಸಾಶಿ ಡಬ್ಬಿ ಇಡ್ತಾನಾ ಅಂತ."

ಮಸುಯೊ ತಟ್ಟೆಯನ್ನು ಬದಿಗಿಟ್ಟು, ಅವನ ಎಡಗೈ ಹಿಡಿದುಕೊಂಡು ಕೇಳಿದಳು.

"ಇಡ್ತಾನಾ ರೀ?"

ಇಬ್ಬರೂ ಕಾದರು. ಷೋಜಿ ಕಣ್ಣು ಮುಚ್ಚಲಿಲ್ಲ. ಕಾತ್ಸುಮಾತಾಳ ಮುಖವನ್ನೇ ನೋಡುತ್ತಿದ್ದ. ಆಮೇಲೆ ನೋಟ ಬಾಗಿಲ ಕಡೆ ಹೋಗಿ ಅಲ್ಲೇ ನಿಂತಿತು. ಅದು ಇಲ್ಲ ಎಂದೋ, ನನಗೇನು ಗೊತ್ತು ಎಂದೋ ತಿಳಿಯುವ ಹಾಗಿರಲಿಲ್ಲ.

ಮಸುಯೊ ಎದ್ದು ಹೊಸ ಎಲೆಯ ಚಹಾ ಸುರಿದಳು. ಕಾತ್ಸುಮಾತಾ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಗಡಿಯಾರ ನೋಡಿದಳು.

"ಇನ್ನೊಂದು ಸ್ವಲ್ಪ ಹೊತ್ತು ಕೂರ್ತೀನಿ. ಅವನ ಸ್ನಾನ ಮುಗೀಲಿ."