ಸೋಮವಾರದಿಂದ ಬಾ

ಇವತ್ತು ಅಂಗಡಿಯಲ್ಲಿ ವಾರ್ನಿಷ್ ವಾಸನೆ ತುಸು ಜಾಸ್ತಿಯೇ ಇದೆ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ, ವಾರ್ನಿಷ್ ಕುಡಿಸಿ ಒಣಗಲಿಟ್ಟಾಗ ಏಳುವ ಈ ವಾಸನೆ ನಿಮಗೆ ತಲೆನೋವು ತರಬಹುದು; ನನಗೆ ಹಸಿವು ತರುತ್ತದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ರಾಣೆಬೆನ್ನೂರಿನಲ್ಲಿ ಈ ಕಸುಬಿಗೆ ಕುಳಿತವನು ನಾನು. ನನ್ನ ಅನ್ನವೆಲ್ಲ ಇದೇ ವಾಸನೆಯಲ್ಲಿ ಬೆಂದಿದೆ. ಆದರೆ ಎರಡು ವರ್ಷದಿಂದ ವಾರ್ನಿಷ್ ಕುಡಿಸುವ ಕೆಲಸ ಸುಮಂಗಲಾಳದಾಗಿತ್ತು. ಆಕೆ ಇವತ್ತು ಹರಿಹರಕ್ಕೆ ನೌಕರಿಯ ಸಂದರ್ಶನಕ್ಕೆ ಹೋಗಿದ್ದಾಳೆ. ಬ್ರಶ್ಶು ನನ್ನ ಕೈಗೆ ವಾಪಸು ಬಂದಿದೆ. ಅದರ ಬೆನ್ನಿಗೇ ಆಕೆಯನ್ನು ಮೊದಲು ಕಂಡ ಹಾವೇರಿಯ ಆ ದಿನದ ನೆನಪೂ.

ಐಟಿಐ ಪಾಸಾಗಿಯೂ ಕೆಲಸ ಸಿಗದೆ ಮನೆಯಲ್ಲಿ ಕುಳಿತ ಹುಡುಗ ಹುಡುಗಿಯರಿಗೆ ಹಾವೇರಿಯಲ್ಲೊಂದು ತರಬೇತಿ ನಡೆದಿತ್ತು. ಕೈ ಚುರುಕು ಮಾಡಿಸಿ, ನಾಲ್ಕು ಜನರೆದುರು ಮಾತಾಡಲು ಕಲಿಸಿ, ಎಲ್ಲಾದರೂ ಕೆಲಸಕ್ಕೆ ಹಚ್ಚುವ ತರಬೇತಿ. ಕೊನೆಗೆ ಸಂದರ್ಶನದ ತಾಲೀಮು. "ಸುಮ್ಮನೆ ನಾಟಕ ಸರ್. ನೀವು ಮಾಲೀಕರ ಥರ ಕೂತು ಪ್ರಶ್ನೆ ಕೇಳಿದರೆ ಸಾಕು," ಎಂದು ಅಲ್ಲಿನ ಮೇಡಂ ಫೋನಿನಲ್ಲಿ ಹೇಳಿದರು. ಅವರು ಬೆಂಗಳೂರು ಕಡೆಯವರು. 'ಮಾಲೀಕರ ಥರ' ಎಂದದ್ದು ನನಗೆ ಸ್ವಲ್ಪ ಚುಚ್ಚಿತು. ಅಂಗಡಿ ಸಣ್ಣದಿರಬಹುದು, ಆದರೆ ಅದರ ಕೀಲಿಕೈ ನನ್ನ ಉಡದಾರದಲ್ಲೇ ಇದೆಯಲ್ಲ!

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ. ಕೇಳಬೇಕಾದ ಪ್ರಶ್ನೆಗಳನ್ನು ಮೇಡಂ ಬರೆದಿಟ್ಟಿದ್ದರು. ಅದರಲ್ಲೊಂದು: ನಿಮ್ಮ ದೌರ್ಬಲ್ಯವೇನು? ಕೆಲಸಕ್ಕೆ ಬಂದವನ ಆರೋಗ್ಯ ವಿಚಾರಿಸುವುದು ಒಳ್ಳೆಯ ಪದ್ಧತಿಯೇ ಅಂದುಕೊಂಡು ಮೊದಲ ಹುಡುಗನಿಗೆ, "ಮೈಯಾಗ ಏನರ ತ್ರಾಸ ಐತೇನಪಾ?" ಎಂದೆ. ಆತ ನನ್ನ ಕೈಯ ಹಾಳೆಯನ್ನೊಮ್ಮೆ ನೋಡಿ, "ಅತಿಯಾಗಿ ದುಡಿಯುವುದೇ ನನ್ನ ದೌರ್ಬಲ್ಯ ಸರ್," ಎಂದ. ಎರಡನೆಯವನೂ ಅದನ್ನೇ ಅಂದ. ಮೂರನೆಯವನೂ ಅದನ್ನೇ. ಎಲ್ಲರಿಗೂ ಒಂದೇ ಬೇನೆ! ದುಡಿಯುವುದು ಬೇನೆಯಾದರೆ ನಾನು ಇಷ್ಟು ಹೊತ್ತಿಗೆ ಹಾಸಿಗೆ ಹಿಡಿದಿರಬೇಕಿತ್ತಲ್ಲ ಎಂದು ನನಗೆ ಗೊಂದಲವಾಯಿತು.

ಪ್ರತಿಯೊಬ್ಬರನ್ನೂ ಕಳಿಸುವಾಗ "ತಿಳಿಸುತ್ತೇವೆ" ಎನ್ನಬೇಕೆಂದು ಮೇಡಂ ತಾಕೀತು ಮಾಡಿದ್ದರು. ನಮ್ಮ ಕಸುಬಿನಲ್ಲಿ ಆ ಮಾತೇ ಇಲ್ಲ. ಮೋಟಾರು ರಿಪೇರಿ ಆಗುತ್ತದೆ, ಇಲ್ಲವೇ ಆಗುವುದಿಲ್ಲ. ಆದರೂ ಅವರ ಮಾತು ಮೀರಬಾರದೆಂದು ಎಲ್ಲರಿಗೂ ತಿಳಿಸುತ್ತೇವೆ, ತಿಳಿಸುತ್ತೇವೆ ಎನ್ನುತ್ತ ಹೋದೆ.

ಆಮೇಲೆ ಬಂದವಳು ಸುಮಂಗಲಾ. ಬ್ಯಾಡಗಿಯ ಹುಡುಗಿ, ಎಲೆಕ್ಟ್ರಿಷಿಯನ್ ಕಲಿತವಳು.

"ಪಾಸಾದ ಮ್ಯಾಲ ಏನ್ ಮಾಡಿದಿ?"

"ಅವ್ವನ ಕೂಡ ಮೆಣಸಿನಕಾಯಿ ತೊಟ್ಟು ಮುರಿಯಾಕ ಹೋಗೇನ್ರಿ."

ಮೂಲೆಯಲ್ಲಿದ್ದ ಮೇಡಂ ಕೆಮ್ಮಿದರು. ಅದನ್ನು ಹೇಳಬಾರದೆಂದು ಕಲಿಸಿದ್ದರೋ ಏನೋ.

"ಕೈ ಉರಿಯಂಗಿಲ್ಲೇನವಾ?"

"ಉರೀತಾವ್ರಿ. ಮಾರಿ ಮುಟ್ಟಿಕೋಬಾರ್ದು, ಅಷ್ಟರೀ."

"ನಿನ್ನ ದೌರ್ಬಲ್ಯ ಏನ್?"

"ಕೆಲಸ ಕೊಡ್ರಿ ಅಂತ ಕೇಳಾಕ ಭಾಳ ನಾಚಿಕಿ ಬರ್ತೈತ್ರಿ."

"ನಾಚಿಕಿ ಎದಕ್ಕ? ಸೋಮವಾರದಿಂದ ಬಾ," ಎಂದುಬಿಟ್ಟೆ.

ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. "ಏನ್ ಆಕ್ಟಿಂಗ್ ಸರ್ ನಿಮ್ಮದು!" ಎಂದರು ಮೇಡಂ. ನಾನೂ ಉಬ್ಬಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಮಾತ್ರ ಒಂದು ಅನುಮಾನ ಕೊರೆಯತೊಡಗಿತು: ನಾನು ಆಕ್ಟಿಂಗ್ ಮಾಡಿದೆನೆ?

ಸೋಮವಾರ ಬಾಗಿಲು ತೆಗೆಯುವಷ್ಟರಲ್ಲಿ ಸುಮಂಗಲಾ ಊಟದ ಡಬ್ಬಿ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದಳು. ಜತೆಗೆ ಅವರಪ್ಪ. "ಓಣಿ ಮಂದಿಗೆಲ್ಲ ಪೇಢೆ ಹಂಚೇನ್ರೀ ಯಜಮಾನ್ರ. ಇನ್ನ ಮ್ಯಾಲ ಈಕಿನ್ನ ತೊಟ್ಟು ಮುರಿಯಾಕ ಕಳಸಂಗಿಲ್ಲ," ಎಂದು ನನಗೆ ಕೈಮುಗಿದು ಆತ ಬಸ್ಸಿಗೆ ಹೋಗಿಯೇಬಿಟ್ಟ. ಅಂಗಡಿಯ ಹಿಂದೆಯೇ ನಮ್ಮ ಮನೆ. ನನ್ನ ಹೆಂಡತಿ ಇಣುಕಿ, "ಯಾರ್ರೀ ಆಕಿ?" ಎಂದಳು.

"ನಾಟಕದಾಕಿ."

"ಈ ವಯಸ್ಸಿನ್ಯಾಗ ಅದ್ಯಾವ ನಾಟಕರೀ ನಿಮ್ದು?"

ಹಿತ್ತಲಿಗೆ ಹೋಗಿ ಮೇಡಂಗೆ ಫೋನ್ ಹಚ್ಚಿದೆ. "ಅಯ್ಯೋ, ನಿಜ ಅಂದ್ಕೊಂಡಿದಾಳಾ? ಫೋನ್ ಅವಳಿಗೆ ಕೊಡಿ ಸರ್, ನಾನೇ ಹೇಳ್ತೀನಿ," ಎಂದರು. ನಾನು ಕೊಡಲಿಲ್ಲ. ನನ್ನ ಬಾಯಿಂದ ಬಿದ್ದ ಮಾತನ್ನು ಇನ್ನೊಬ್ಬರು ಎತ್ತಿಕೊಳ್ಳುವುದು ನನಗೆ ಸೇರುವುದಿಲ್ಲ. ಆದರೆ ಇಟ್ಟುಕೊಳ್ಳುವುದಾದರೂ ಹೇಗೆ? ಅದು ಮಳೆಗಾಲ. ಮಳೆಗಾಲದಲ್ಲಿ ರೈತರ ಪಂಪುಗಳು ಓಡುವುದಿಲ್ಲ. ಓಡದ ಪಂಪು ಸುಡುವುದಿಲ್ಲ. ಪಂಪು ಸುಡದಿದ್ದರೆ ನನ್ನ ಒಲೆ ಉರಿಯುವುದಿಲ್ಲ.

ಗಟ್ಟಿ ಮನಸ್ಸು ಮಾಡಿ ಹೊರಗೆ ಬಂದೆ. "ಅವತ್ತಿಂದು… ಆಟ ಇತ್ತವಾ."

"ನನಗ ಗೊತ್ತಿತ್ತ್ರಿ."

"ಮತ್ತ ಯಾಕ ಬಂದಿ?"

"ನಿಮಗ ಗೊತ್ತಿದ್ದಂಗ ಕಾಣಲಿಲ್ರಿ."

ಒಳಗಿಂದ ಹೆಂಡತಿ ನಕ್ಕದ್ದು ಕೇಳಿಸಿತು. ಮೂಲೆಯಲ್ಲಿ ಬಿದ್ದಿದ್ದ ಸುಟ್ಟ ಮೋಟಾರು ತೋರಿಸಿ, "ಬಿಚ್ಚು ನೋಡೂಣು," ಎಂದೆ.

ಹೀಗೆ ಸುರುವಾಯಿತು. ಆಕೆ ಮೊದಲ ಸಲ ಜೋಡಿಸಿದ ಮೋಟಾರು ಉಲ್ಟಾ ತಿರುಗಿತು. "ಇದು ನೀರು ಬಾವಿಗೆ ವಾಪಸ್ ಕಳಸ್ತೈತಿ," ಎಂದು ನಾನು ರೇಗಿಸಿದರೆ, "ಬ್ಯಾಸಗಿಗೆ ಚಲೋ ಆಗ್ತೈತಿ ಕಾಕಾ," ಎಂದಳು. 'ಸರ್' ಹೋಗಿ 'ಕಾಕಾ' ಬಂದದ್ದು ಯಾವಾಗ ಎಂದು ನೆನಪಿಲ್ಲ. ಅಗಡಿ ಹಳ್ಳಿಯಿಂದ ಬರುವ ಗಿರಾಕಿಗಳು ಮೊದಮೊದಲು, "ಹೆಣ್ಣಹುಡುಗಿ ಕೈಯಾಗ ಕೊಡಬ್ಯಾಡ್ರಿ," ಎನ್ನುತ್ತಿದ್ದರು. ಈಗ ಬಂದವರೇ ಆಕೆ ಎಲ್ಲಿ ಎಂದು ಕೇಳುತ್ತಾರೆ. ನಾನು ಇಲ್ಲೇ ಎದುರಿಗೇ ಕುಳಿತಿರುತ್ತೇನೆ, ಕಾಣಿಸುವುದಿಲ್ಲವೇನೋ!

ಹರಿಹರದ ಪಂಪು ಕಾರ್ಖಾನೆಯಲ್ಲಿ ಜನ ಬೇಕಂತೆ ಎಂಬ ಸುದ್ದಿ ತಂದವನೂ ನಾನೇ. ಮಳೆಗಾಲದ ತಿಂಗಳುಗಳಲ್ಲಿ ನಾನು ಆಕೆಗೆ ಪೂರ್ತಿ ಪಗಾರ ಕೊಡಲಾರೆ. ಅಲ್ಲಿ ಹನ್ನೆರಡೂ ತಿಂಗಳು ಕೆಲಸ. ಹೋಗು ಎಂದಾಗ ಆಕೆಯ ಮುಖ ಸಣ್ಣದಾಯಿತು. "ನಾ ಏನರ ತಪ್ಪ ಮಾಡೇನೇನ್ರಿ ಕಾಕಾ?"

"ಹುಚ್ಚಿ, ನಿನ್ನ ಹಿತಕ್ಕ ಹೇಳಾಕತ್ತೇನಿ."

ಹೇಳಿದ್ದೇನೋ ಹೇಳಿದೆ. ಇವತ್ತು ಬೆಳಿಗ್ಗೆಯಿಂದ, ಆಕೆಗೆ ನೌಕರಿ ಸಿಗಲಿ ಎಂದು ಒಂದು ಸಲ, ಸಿಗದಿರಲಿ ಎಂದು ಇನ್ನೊಂದು ಸಲ ದೇವರನ್ನು ಬೇಡಿಕೊಂಡಿದ್ದೇನೆ. ಆತನಿಗೂ ನನ್ನ ಹಾಗೆಯೇ ತಲೆ ಕೆಟ್ಟಿರಬೇಕು.

ಮಧ್ಯಾಹ್ನ ಕಾರ್ಖಾನೆಯವರ ಫೋನ್ ಬಂತು. ಆಕೆಯೇ ನನ್ನ ನಂಬರು ಕೊಟ್ಟಿದ್ದಳಂತೆ. "ಸುಮಂಗಲಾ ಅನ್ನೋರು ನಿಮ್ಮಲ್ಲಿ ಕೆಲಸ ಮಾಡಿದ್ದು ನಿಜಾನಾ? ಕೆಲಸ ಹೇಗೆ?"

'ಏನೋ ನಡೀತೈತ್ರಿ' ಎಂದರೆ ಸಾಕಿತ್ತು, ನಾಳೆ ಆಕೆ ಎಂದಿನಂತೆ ಇಲ್ಲೇ ಇರುತ್ತಿದ್ದಳು. ಆ ಯೋಚನೆ ನನಗೆ ಬಂದದ್ದು ಖರೆ. ಆದರೆ ಬಾಯಿ ಆಗಲೇ ಹೇಳಿ ಮುಗಿಸಿತ್ತು: "ಆಕಿನ್ನ ಬಿಡಬ್ಯಾಡ್ರಿ ಸಾಹೇಬ್ರ."

ಸ್ವಲ್ಪ ಹೊತ್ತಿಗೆ ಆಕೆಯದೇ ಫೋನ್. ಹಿಂದೆ ಬಸ್ಸಿನ ಗದ್ದಲ. "ಕಾಕಾ, ತೊಗೊಂಡ್ರು! ಮುಂದಿನ ತಿಂಗಳಿಂದ ಬಾ ಅಂದ್ರು. ನೀವ್ ಅವ್ರಿಗೆ ಏನ್ ಹೇಳಿದ್ರಿ?"

"ಬಿಡಬ್ಯಾಡ್ರಿ ಅಂದೆ."

ಆಕೆ ಸಣ್ಣ ದನಿಯಲ್ಲಿ ಕೇಳಿದಳು:

"ಹಂಗಾರ ನೀವ್ಯಾಕ ಬಿಡಾಕತ್ತೀರಿ ಕಾಕಾ?"

ನೆಟ್‌ವರ್ಕ್ ಸರಿ ಇಲ್ಲ, ಏನೂ ಕೇಳಸವಲ್ದು ಎಂದು ಫೋನ್ ಇಟ್ಟುಬಿಟ್ಟೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.